ಹಿಂದಿನ ಚಕ್ರದ ಕಾರು

"ಎಮ್ಮೆ ಮೇಯ್ಸೋರ್ ಮನೆ ಎಣ್ಣು ಸ್ಪೋರ್ಟ್ಸ್ ಕಾರ್ ಓಡ್ಸಾಳಾ? ಆಗದ್ ಮಾತು ಬುಡು!" ಎಂದವರು ನಮ್ಮ ದೊಡ್ಡಪ್ಪ.

ಮನೆಯಲ್ಲಿ ಮೊದಲು ಡಿಗ್ರಿ ಪಡೆದು ಟೀಚರಾದ ನಾನು, ಅಪ್ಪನನ್ನು ಕರೆದುಕೊಂಡು ನಾಗಮಂಗಲಕ್ಕೆ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋದೆ. ಎರಡಿದ್ದವು: ಒಂದರಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಇನ್ನೊಂದರಲ್ಲಿ ಹಿಂದಿನೆರಡಕ್ಕೆ ಮಾತ್ರ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಓಡಿಸಿದೆ. ಕೆಸರಿನ ತಿರುವಿನಲ್ಲಿ ಮೊದಲನೆಯದು ಅಲುಗದೆ ಸಾಗಿತು. ಎರಡನೆಯದರ ಹಿಂಭಾಗ ಜಾರಿತು. ಸ್ಟೀರಿಂಗನ್ನು ಜಾರಿದ ಕಡೆಗೇ ತಿರುಗಿಸಿದೆ, ನೆಟ್ಟಗಾಯಿತು. ಎದೆ ಕುಣಿಯಿತು!

"ನಾಲ್ಕೂ ಎಳೆಯೋದೇ ತಗಳವ್ವ, ನಮ್ಮೂರ್ ಕೆಸ್ರಿಗೆ ಅದೇ ಸರಿ," ಎಂದರು ಅಪ್ಪ.

"ಅದು ಸುಮ್ನೆ ಕರ್ಕೊಂಡೋಗ್ತದೆ ಕಣಪ್ಪ. ಇದನ್ನ ನಾನೇ ಓಡುಸ್ಬೇಕು."

ಹಿಂದಿನ ಚಕ್ರದ್ದನ್ನೇ ಕೊಂಡೆ. ನನ್ನ ಹೆಸರಿನ ಆರ್‌ಸಿ ಬಂದ ದಿನ ಅಪ್ಪನ ಕೈಗಿತ್ತೆ. ತಿರುಗಿಸಿ ನೋಡಿ ಅಂದರು: "ಇನ್ನೊಂದ್ಸಲ ಅಂಗೇ ಜಾರ್ಸವ್ವ, ಅವತ್ತು ಕಣ್ ಮುಚ್ಕಂಡಿದ್ದೆ."