ಸಿಗದ ಬಾಚಣಿಗೆ

ಆ ಮಂಗಳವಾರ ಅಜ್ಜಂಪುರದ ಮನೆಯಲ್ಲಿ ನಡೆದದ್ದು ಇಷ್ಟೇ. ತೀರ್ಥಪ್ಪ ರೊಟ್ಟಿ ತಿಂದು ಕಂಪ್ಯೂಟರ್ ಮುಂದೆ ಕೂತ. ಹೆಂಡತಿ ಸುಲೋಚನಮ್ಮ ಅವರೆಕಾಯಿ ಮೊರ ಹಿಡಿದು ಪಕ್ಕದಲ್ಲಿ ಕೂತಳು.

ಕಂಪ್ಯೂಟರ್ ಮಗಳು ಸ್ಫೂರ್ತಿಯದು. ಮದುವೆಯಾಗಿ ಕಡೂರಿಗೆ ಹೋಗುವಾಗ ಬಿಟ್ಟುಹೋಗಿದ್ದಳು. ಒಳಗೊಂದು ಆಟವಿತ್ತು. ಯಾವುದೋ ದೊರೆಯ ಹಾಳು ಬಂಗಲೆ. ಕೋಣೆ ತುಂಬ ಸಾಮಾನು ಚೆಲ್ಲಾಡಿರುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ ಪಟ್ಟಿ. ಪಟ್ಟಿಯಲ್ಲಿದ್ದದ್ದನ್ನೆಲ್ಲ ಹುಡುಕಿ ಒತ್ತಿದರೆ ಮುಂದಿನ ಕೋಣೆಯ ಬಾಗಿಲು ತೆರೆಯುತ್ತದೆ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ತೀರ್ಥಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು, ಮೂಗಿನ ಮುಂದಿನ ವಸ್ತು ಕಾಣುತ್ತಿರಲಿಲ್ಲ. ಸುಲೋಚನಮ್ಮ ಓದಿದ್ದು ಮೂರನೇ ಕ್ಲಾಸು. ಕಣ್ಣು ಮಾತ್ರ ಹದ್ದಿನದು. ಅವನು ಓದಬೇಕು, ಇವಳು ಬೆರಳು ತೋರಿಸಬೇಕು. ಹೀಗೆ ಹನ್ನೊಂದು ಕೋಣೆ ದಾಟಿದ್ದರು.

ಹನ್ನೆರಡನೆಯದರಲ್ಲಿ ಸಿಕ್ಕಿಬಿದ್ದು ತಿಂಗಳಾಗಿತ್ತು. ಒಂದೇ ಒಂದು ಬಾಚಣಿಗೆ ಸಿಗದು.

“ತಲೇಲಿ ನಾಕು ಕೂದ್ಲಿಲ್ಲ, ನಿಮಗ್ಯಾಕ್ರೀ ಬಾಚಣಿಗೆ?”

“ಲೇ, ಸುಮ್ನೆ ಹುಡುಕೇ. ಅದು ಸಿಗೋಗಂಟ ನಾನು ಸಾಯಲ್ಲ.”

ಸುಳಿವಿನ ಗುಂಡಿ ಒತ್ತಿದರೆ ವಸ್ತು ಇದ್ದಲ್ಲಿ ಬೆಳಕು ಮಿನುಗಬೇಕು. ತೀರ್ಥಪ್ಪ ಒತ್ತಿದ. ಎಲ್ಲೂ ಮಿನುಗಲಿಲ್ಲ.

“ಮೋಸ ಕಣೇ. ಇವ್ರು ಬಾಚಣಿಗೆ ಇಟ್ಟೇ ಇಲ್ಲ.”

ಮರುದಿನ ತರೀಕೆರೆ ಬಸ್ಸಿಗೆ ಕಾಯುತ್ತ ನಿಂತವನು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವನು ಮಾತಿಗೆ ತಪ್ಪಿದ್ದು ಅದೊಂದೇ ಸಲ ಎನ್ನಲಾಗದು. ಬೇಕಾದಷ್ಟು ಸಲ ತಪ್ಪಿದ್ದ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಸ್ಫೂರ್ತಿ ಕಂಪ್ಯೂಟರ್ ತೋರಿಸಿ ಕೇಳಿದಳು: “ಇದನ್ನ ಇನ್ಯಾರು ಮುಟ್ತಾರಮ್ಮ? ನಾನು ತಗೊಂಡೋಗ್ಲಾ?”

“ನಿಮ್ಮಪ್ಪಂದು ಒಂದು ಬಾಚಣಿಗೆ ಬಾಕಿ ಐತೆ. ಸಿಗ್ಲಿ, ಆಮೇಲೆ ನೋಡಾಣ. ಹಾಕು.”

ಸ್ಫೂರ್ತಿ ಅತ್ತಳು, ಆಮೇಲೆ ನಕ್ಕಳು, ಆಮೇಲೆ ಕಂಪ್ಯೂಟರ್ ಹಾಕಿದಳು.

“ಅಮ್ಮಾ, ಮೂಲೇಲಿ ಇದೇನು ಬೆಳ್ಳಗೆ?”

“ವಿಭೂತಿ.”

ತೀರ್ಥಪ್ಪ ದಿನಾ ಲಿಂಗಪೂಜೆ ಮುಗಿಸಿ ಮೂರು ಬೆರಳಲ್ಲಿ ಮಿಕ್ಸಿಗೆ, ಸ್ಕೂಟರಿಗೆ, ಟಿವಿಗೆ ವಿಭೂತಿ ಎಳೆಯುತ್ತಿದ್ದ. ಕಂಪ್ಯೂಟರಿಗೂ ಎಳೆಯುತ್ತಿದ್ದ, ಗಾಜಿನ ಮೇಲೆ, ಅದೇ ಮೂಲೆಗೆ. ಹಳೆಯದರ ಮೇಲೆ ಹೊಸದು ಕೂತು ಸುಣ್ಣ ಬಳಿದ ಹಾಗಾಗಿತ್ತು. ಒರೆಸಲು ಹೋದರೆ ಬೈಯುತ್ತಿದ್ದ. ನೋಡಿ ನೋಡಿ ಇಬ್ಬರಿಗೂ ಅದು ಕಾಣುವುದೇ ನಿಂತುಹೋಗಿತ್ತು.

ಸ್ಫೂರ್ತಿ ಸುಳಿವಿನ ಗುಂಡಿ ಒತ್ತಿದಳು. ವಿಭೂತಿಯ ಅಂಚಿನಲ್ಲಿ ಎಳೆಯಷ್ಟು ಬೆಳಕು ಮಿನುಗಿ ಆರಿತು.

“ಅಯ್ಯೋ ಅಮ್ಮಾ! ಅಪ್ಪಾನೇ ಮುಚ್ಚಿಟ್ಟಿದ್ದು!”

ಒರೆಸಲು ದುಪಟ್ಟಾ ಎತ್ತಿದಳು.

“ತಡಿ” ಎಂದಳು ಸುಲೋಚನಮ್ಮ.

ಮೇಲಿನ ಪಟ್ಟೆಯಲ್ಲಿ ಅವನ ಬೆರಳಿನ ಗೆರೆ ಇನ್ನೂ ಇತ್ತು. ಮಿಕ್ಸಿ, ಸ್ಕೂಟರು, ಟಿವಿಯ ಮೇಲಿನದು ಶಿವಗಣಾರಾಧನೆಗೆ ಮನೆ ತೊಳೆದಾಗಲೇ ಹೋಗಿತ್ತು. ಮನೆಯಲ್ಲಿ ಅವನ ಕೈಗುರುತು ಅಂತ ಉಳಿದದ್ದು ಅದೊಂದೇ. ಒರೆಸಿದರೆ ಅದು ಹೋಯಿತು. ಒರೆಸದಿದ್ದರೆ ಬಾಚಣಿಗೆ ಇಲ್ಲ.

“ನಿಮ್ಮಪ್ಪ ಇದ್ದಿದ್ರೆ ಏನ್ ಮಾಡೋರು?”

“ಒರೆಸ್ತಿರ್ಲಿಲ್ಲ. ಆಟ ಮಾಡಿದೋರಿಗೆ ಬೈತಿದ್ರು.”

“ಹೂಂ. ಅದಕ್ಕೇ ತಿಂಗ್ಳಾಗಿದ್ದು.”

ಸುಲೋಚನಮ್ಮ ಬಟ್ಟೆ ಮುಟ್ಟಿಸಲಿಲ್ಲ. ವಿಭೂತಿಯನ್ನು ಬೆರಳಲ್ಲೇ ತೆಗೆದು ತನ್ನ ಹಣೆಗೆ ಎಳೆದುಕೊಂಡಳು. ಅಡಿಯಲ್ಲಿ ಬಾಚಣಿಗೆ. ಅದೂ ಹಲ್ಲು ಮುರಿದದ್ದು. ಒತ್ತಿದಳು. ಬಾಗಿಲು ತೆರೆಯಿತು.

ಕಂಪ್ಯೂಟರ್ ಕಡೂರಿಗೆ ಹೋಗಲಿಲ್ಲ. ಭಾನುವಾರ ಸ್ಫೂರ್ತಿಯೇ ಬಂದು ಪಟ್ಟಿ ಓದುತ್ತಾಳೆ. ಸುಲೋಚನಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಮಿಕ್ಸಿಗೆ, ಸ್ಕೂಟರಿಗೆ, ಟಿವಿಗೆ ಮೂರು ಬೆರಳು ವಿಭೂತಿ ಎಳೆಯುತ್ತಾಳೆ. ಕಂಪ್ಯೂಟರಿಗೂ ಎಳೆಯುತ್ತಾಳೆ, ಗಾಜು ಬಿಟ್ಟು, ಪ್ಲಾಸ್ಟಿಕ್ಕಿನ ಅಂಚಿಗೆ.