ಸೊಟ್ಟ ಒಡ್ಡಿನ ವಿಜ್ಞಾನ

ಕರೆಂಟಿಗೂ ಹೊಲದ ಒಡ್ಡಿಗೂ ಸಂಬಂಧವಿದೆ ಎಂದು ಹಿಪ್ಪರಗಿಯಲ್ಲಿ ಮೊದಲು ಹೇಳಿದವಳು ನಾನೇ. ಎರಡನೆಯವರು ಇನ್ನೂ ಸಿಕ್ಕಿಲ್ಲ.

ಆಗ ಹತ್ತನೇ ತರಗತಿ. ಜಮಖಂಡಿಯ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದರೆ ಜಿಲ್ಲಾಮಟ್ಟಕ್ಕೆ ಹೋಗಬಹುದಿತ್ತು. ಗೆದ್ದಾಯಿತೆಂದು ನಾನು ಇಡೀ ಸಾಲೆಗೆ, ಒಂದು ಬಸ್ಸಿನ ಜನಕ್ಕೆ, ನಮ್ಮ ಎಮ್ಮೆಗೂ ಹೇಳಿಬಿಟ್ಟಿದ್ದೆ.

ನನ್ನ ವಿಷಯ ಸೂಪರ್‌ಕಂಡಕ್ಟರ್. ವಿಪರೀತ ತಣ್ಣಗಾದಾಗ ಅದರಲ್ಲಿ ಕರೆಂಟು ತಡೆಯಿಲ್ಲದೆ ಹರಿಯುತ್ತದೆ. ಆದರೆ ಅದರ ತೆಳು ಪದರದಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಹರಳಿಗೂ ಹರಳಿಗೂ ನಡುವಿನ ಗಡಿಯಲ್ಲಿ ಕರೆಂಟು ಮುಗ್ಗರಿಸುತ್ತದೆ. ಗಡಿ ಸೊಟ್ಟಗಿದ್ದರೆ ಅದರ ಉದ್ದ ಹೆಚ್ಚು, ದಾಟಲು ಜಾಗವೂ ಹೆಚ್ಚು. ಇದನ್ನು ತೋರಿಸಲು ಎರಡು ಟ್ರೇ ತಗೊಂಡು, ಪ್ರತಿಯೊಂದರ ಮಧ್ಯದಲ್ಲೂ ಉಸುಕಿನ ಒಡ್ಡು ಹಾಕಿದ್ದೆ: ಒಂದು ನೆಟ್ಟಗೆ, ಇನ್ನೊಂದು ಹಾವಿನಂತೆ. ಒಂದು ಬದಿಗೆ ಹಾಕಿದ ನೀರು ಸೊಟ್ಟ ಒಡ್ಡಿನಲ್ಲಿ ಬೇಗ ಆಚೆ ಬಸಿಯಬೇಕು.

ಪ್ರದರ್ಶನದ ದಿನ ನನ್ನ ಜೊತೆ ಬಂದಿದ್ದ ಕಾಕಾನನ್ನು ಟ್ರೇ ಕಾಯಲು ಕೂಡಿಸಿ ನೀರು ತರಲು ಹೋದೆ. ಬಂದು ನೋಡಿದರೆ ಎರಡೂ ಒಡ್ಡು ನೆಟ್ಟಗೆ! ಕಾಕಾ ಹುರಿ ಹಿಡಿದು ಅಳೆಯುತ್ತಿದ್ದ.

"ನಿನ್ನ ಮಾನ ಉಳಿಸೇನಿ ನೋಡ ಮಗಳ. ಇಂಥಾ ಸೊಟ್ಟ ಒಡ್ಡ ಕಂಡ್ರ ಮಂದಿ ನಮ್ಮನ್ನ ರೈತರು ಅಂತಾರೇನು?"

"ಕಾಕಾ, ಸೊಟ್ಟ ಇರೂದ ವಿಜ್ಞಾನ ಐತಿ!"

"ವಿಜ್ಞಾನ ಸೊಟ್ಟ ಇರಲಿ ಬೇಕಾರ. ಒಡ್ಡ ಇರಬಾರ್ದು."

ಅಷ್ಟರಲ್ಲಿ ಮುಧೋಳದಿಂದ ಬಂದಿದ್ದ ತೀರ್ಪುಗಾರ ಸರ್ ಎದುರಿಗೇ ನಿಂತಿದ್ದರು. "ಎರಡೂ ಒಂದ ಥರ ಅದಾವಲ್ಲ ತಂಗಿ?"

ನನ್ನ ಬೆವರಿಗೆ ಒಂದು ಎಕರೆ ಕಬ್ಬು ನೆನೆಯುತ್ತಿತ್ತು. "ನಿಮ್ಮ ಮುಂದನ ಒಂದು ಸೊಟ್ಟ ಮಾಡ್ತೇನಿರಿ ಸರ್," ಎಂದು ಉಸುಕಿಗೆ ಕೈ ಹಾಕಿದೆ. ದಪ್ಪ ಅಷ್ಟೇ, ಎತ್ತರ ಅಷ್ಟೇ; ಉದ್ದ ಮಾತ್ರ ಹೆಚ್ಚು. ಎರಡಕ್ಕೂ ಒಂದೊಂದು ತಂಬಿಗೆ ನೀರು ಹಾಕಿದೆ.

ನೆಟ್ಟನೆಯ ಒಡ್ಡಿನ ಆಚೆ ಬರೀ ತೇವ. ಸೊಟ್ಟ ಒಡ್ಡಿನ ಆಚೆ ಕೆರೆ! ಸರಿ ಬಿಡಿ, ನಾಲ್ಕು ಚಮಚ ನೀರು.

"ಒಡ್ಡನ್ನ ತಗದ ಬಿಟ್ರ?" ಸರ್ ಕೇಳಿದರು.

"ಇನ್ನೂ ಛಲೋರಿ. ಆದ್ರ ನಡುವ ಗಡಿನ ಇಲ್ಲದಂಗ ಅಷ್ಟುದ್ದ ಒಂದ ಹರಳು ಬೆಳಸೂದು ಭಾಳ ಕಷ್ಟರಿ."

"ಕರೆಂಟು ಖರೆನ ನೀರಿನಂಗ ಬಸೀತೈತೇನು?"

ಒಂದು ಭಾರೀ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಪೂರ್ತಿ ಹಂಗಲ್ಲರಿ. ಎಲ್ಲಿ ಬ್ಯಾರೆ ಅನ್ನೂದು ನನಗ ಗೊತ್ತಿಲ್ಲರಿ."

ಸರ್ ಹಾಳೆಯ ಮೇಲೆ ಏನೋ ಬರೆದುಕೊಂಡರು. "ಜಿಲ್ಲಾಕ್ಕ ಬರೂದ್ರೊಳಗ ಅದನ್ನ ತಿಳ್ಕೊಂಡ ಬಾ."

ಬೆಳಿಗ್ಗೆಯಿಂದ ಬಾಯಿ ಮುಚ್ಚದ ನಾನು "ಹೂಂರಿ" ಎಂದಷ್ಟೇ ಹೇಳಿದೆ.