ಖಾಸೀಮನ ಬೆನ್ನ ಮೇಲಿನ ಕಾದಂಬರಿ

ಇವತ್ತು ಮುಂಜಾನೆ ಹೆಂಡತಿ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನಿಮಗೆ ಅದು ಪಾತ್ರೆ ತೊಳೆಯುವ ವಾಸನೆ ಇರಬಹುದು. ನನಗೆ ಮಾತ್ರ ಮದುವೆ ಸೀಜನ್ನಿನ ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಬ್ಯಾಂಡ್ ಬಾಜಾದಲ್ಲಿದ್ದೆ. ಹೊರಡುವ ಮೊದಲು ಎಲ್ಲರೂ ಅಂಗಳದಲ್ಲಿ ಕೂತು ಹೀಗೇ ಹುಣಸೆಹಣ್ಣು ಹಚ್ಚಿ ವಾದ್ಯ ತಿಕ್ಕುತ್ತಿದ್ದೆವು. ವಾದ್ಯ ಹೊಳೆದಷ್ಟು ಸಂಗೀತವೂ ಹೊಳೆಯುತ್ತಿತ್ತೇ ಎಂದು ದಯವಿಟ್ಟು ಕೇಳಬೇಡಿ.

ನಾನು ಊದುತ್ತಿದ್ದುದು ಭೋಂಪು, ಹೊಟ್ಟೆಗೆ ಅವುಚಿಕೊಳ್ಳುವ ದೊಡ್ಡ ಹಿತ್ತಾಳೆ ವಾದ್ಯ. ಹಾಡು ಯಾವುದೇ ಇರಲಿ, ಮದುವೆ ಯಾರದೇ ಇರಲಿ, ನನ್ನ ಪಾಲಿಗೆ ಎರಡೇ ಸ್ವರ: ಭೋಂ, ಭೋಂ. ಮಂದಿ ನಗುತ್ತಿದ್ದರು. ನಗಲಿ ಬಿಡಿ. ನಮ್ಮ ಮಾಸ್ಟರ್ ಹನುಮಂತಪ್ಪನವರ ಕ್ಲಾರಿನೆಟ್ಟು ಎಲ್ಲೆಲ್ಲೋ ಸುತ್ತಾಡಿ ಬಂದು, ಸರಿಯಾಗಿ ನನ್ನ ಭೋಂ ಮೇಲೆ ಕಾಲೂರುತ್ತಿತ್ತಲ್ಲ, ಆಗಿನ ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಹತ್ತಿರ ಬರುವುದು ಇನ್ನೊಂದೇ, ಒಳ್ಳೆಯ ಕಾದಂಬರಿ.

ಎರಡು ಸ್ವರಕ್ಕೆ ತಲೆ ಬೇಕಿಲ್ಲ. ಖಾಲಿ ತಲೆಗೆ ಏನಾದರೂ ಕೆಲಸ ಕೊಡಬೇಕಲ್ಲ? ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಯಿಂದ ಬಾಡಿಗೆ ಕಾದಂಬರಿ ತರುತ್ತಿದ್ದೆ. ಮೆರವಣಿಗೆಯಲ್ಲಿ ನನ್ನ ಮುಂದೆ ನಡೆಯುವವನು ಡ್ರಮ್ಮಿನ ಖಾಸೀಮ. ಡ್ರಮ್ಮಿನ ಪಟ್ಟಿ ಅವನ ಬೆನ್ನ ಮೇಲೆ ಅಡ್ಡ ಹಾಯುತ್ತಿತ್ತು. ಅದಕ್ಕೆ ಪುಸ್ತಕ ಸಿಕ್ಕಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದರೆ ಮುಗಿಯಿತು; ಅವನು ನಡೆದಂತೆ ನಾನು ಓದುತ್ತಿದ್ದೆ. ಎರಡೂ ಕೈ ಭೋಂಪಿಗೇ ಬೇಕಾದ್ದರಿಂದ ಪುಟ ತಿರುವುವುದು ಮಾತ್ರ ಆರತಿಗೆ ನಿಂತಾಗ. ಮದುಮಗನಿಗೆ ದಾರಿಯಲ್ಲಿ ನೆಂಟರ ಮನೆಮುಂದೆಲ್ಲ ಆರತಿ ಆಗುತ್ತದೆ. ನೆಂಟರು ಹೆಚ್ಚಿದ್ದಷ್ಟೂ ನನ್ನ ಓದು ಮುಂದೆ ಸಾಗುತ್ತಿತ್ತು. ನೆಂಟರೊಡನೆ ಜಗಳಾಡಿಕೊಂಡವರ ಮನೆಯ ಮದುವೆಯಾದರೆ ಒಂದೇ ಪುಟ ಬಾಯಿಪಾಠ ಆಗುತ್ತಿತ್ತು.

ಖಾಸೀಮನಿಗೆ ಓದು ಬರುತ್ತಿರಲಿಲ್ಲ. "ಲೇ, ನನ್ನ ಬೆನ್ನ ಮ್ಯಾಲ ಏನ್ ನಡದದ ಅಂತ ನನಗ ಗೊತ್ತಾಗಬಾರದೇನು?" ಎಂದು ಚಹಾದ ಹೊತ್ತಿಗೆ ಪಟ್ಟು ಹಿಡಿಯುತ್ತಿದ್ದ. ನಾನು ಕಥೆ ಹೇಳುತ್ತಿದ್ದೆ, ಉಳಿದವರೂ ಬಂದು ಸುತ್ತ ಕೂಡುತ್ತಿದ್ದರು. ಮಾಸ್ಟರ್ ಒಬ್ಬರು ಮಾತ್ರ ದೂರ ನಿಂತು ಬೀಡಿ ಸೇದುತ್ತಿದ್ದರು. ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರ ಮಗನ ಮದುವೆಗೆ ಹೊರಟ ದಿನ ಅವರು ಬಸ್ಸಿನಲ್ಲೇ ಹೇಳಿದರು:

"ದೊಡ್ಡ ಮಂದಿ ಮದುವಿ ಅದ. ಇವತ್ತೇನರ ಗಡಬಡ ಆತು, ನಾಳಿಂದ ಪುಸ್ತಕರ ಹಿಡಿ, ಇಲ್ಲಾ ಭೋಂಪರ ಹಿಡಿ. ಎರಡೂ ನಡ್ಯಾಂಗಿಲ್ಲ."

ಇದ್ದ ಎರಡು ಸುಖಗಳಲ್ಲಿ ಯಾವುದನ್ನು ಬಿಡುವುದು? ಅಂದು ಪುಸ್ತಕವನ್ನು ಚೀಲದಲ್ಲೇ ಬಿಟ್ಟಿದ್ದರೆ ಕೆಲಸ ಕೆಡುತ್ತಿರಲಿಲ್ಲ ನಿಜ. ಆದರೆ ಕಾದಂಬರಿಯ ನಾಯಕಿ ಸುಶೀಲೆಗೆ ವಿಪರೀತ ಜ್ವರ. ಅಂಥ ಸ್ಥಿತಿಯಲ್ಲಿ ಹೆಣ್ಣುಮಗಳನ್ನು ಚೀಲಕ್ಕೆ ತುರುಕಿ ಹೋಗುವುದು ಮನುಷ್ಯರು ಮಾಡುವ ಕೆಲಸವೇ, ನೀವೇ ಹೇಳಿ.

ಮೆರವಣಿಗೆ ಬಜಾರಕ್ಕೆ ಬಂತು. ಸುಶೀಲೆ ಗಂಡನ ಕೈ ಹಿಡಿದು, ಮೆಲ್ಲಗೆ ಕಣ್ಣು ಮುಚ್ಚಿದಳು. ಪುಟ ಅಲ್ಲಿಗೇ ಮುಗಿಯಿತು. ಆರತಿ ಹಿಡಿದವರು ಯಾರೂ ಕಾಣಲಿಲ್ಲ. ನನಗೆ ಅಳು ನುಗ್ಗಿ ಬಂದು, ಭೋಂಪಿಗೆ ಗಾಳಿ ಹೋಗದಾಯಿತು. ಹಿಂದಿನಿಂದ ಭೋಂ ಬರಲಿಲ್ಲವೆಂದು ಖಾಸೀಮ ಗಕ್ಕನೆ ನಿಂತು ತಿರುಗಿದ. ಡ್ರಮ್ಮು ನಿಂತದ್ದೇ ಎಲ್ಲ ವಾದ್ಯಗಳೂ ನಿಂತವು. ನನ್ನ ಕಣ್ಣೀರು ನೋಡಿದ ಖಾಸೀಮ, ಕುದುರೆ ಮೇಲಿನ ಮದುಮಗನ ಎದುರಿಗೇ ಗಟ್ಟಿಯಾಗಿ ಕೇಳಿದ:

"ಸತ್ತಳೇನಲೇ?"

ಮದುವೆ ಮೆರವಣಿಗೆಯಲ್ಲಿ ಕೇಳುವ ಮಾತೇ ಅದು! ಸಾಹುಕಾರರ ಮುಖ ಕೆಂಡವಾಯಿತು. ಮದುಮಗನ ಅಜ್ಜಿ ಗಾಬರಿಯಿಂದ ಮುಂದೆ ಬಂದರು. "ಅಯ್ಯ ನಮ್ಮವ್ವ, ಯಾರೋ ಸತ್ತವರು?"

"ನಮ್ಮವರು ಯಾರಿಲ್ರೀ ಯವ್ವಾ, ಪುಸ್ತಕದಾಗಿನ ಹುಡುಗಿ," ಎಂದ ಖಾಸೀಮ.

"ಪಾಪ! ಏನಾಗಿತ್ತೋ ಆಕಿಗೆ?"

"ಜ್ವರ ಬಂದಿದ್ವಂತ್ರೀ. ಗಂಡ ಬಾಳ ಚೊಲೋ ಮನಷ್ಯಾ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ಟರ್ ಸಿಟ್ಟಿನಲ್ಲಿ ಕ್ಲಾರಿನೆಟ್ಟು ಎತ್ತಿ ಊದಿದ ಊದಿಗೆ ಕುದುರೆ ಬೆದರಿತು. ಹೇಗೋ ಮದುವೆಯಾಯಿತು.

ಮರುದಿನ ಇನ್ನೊಂದು ಮದುವೆಗೆ ಹೊರಟಾಗ, ದೇವದುರ್ಗದ ಬಸ್ಸಿನಲ್ಲಿ ಮಾಸ್ಟರ ಎದುರು ನಿಂತು, "ಭೋಂಪ ಹಿಡೀತೀನ್ರೀ" ಎಂದೆ. ಬೇರೆ ದಾರಿ ಇರಲಿಲ್ಲ. ಪುಸ್ತಕವನ್ನು ಒಬ್ಬನೇ ಓದಬಹುದು, ಭೋಂ ಒಂದನ್ನೇ ಊದಿದರೆ ಯಾರು ಕೇಳುತ್ತಾರೆ? ಮಾಸ್ಟರ್ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಗಬ್ಬೂರು ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದರು:

"ಅಲ್ಲ, ಆಕಿ ಖರೇನ ಸತ್ಳೇನು?"

"ಪುಟ ತಿರುವಿಲ್ರೀ ಮಾಸ್ಟರ್."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ತಿರುವಲೇ ಮತ್ತ! ಏನ್ ನೋಡಾಕತ್ತಿ?"

ಪುಸ್ತಕ ತೆಗೆದು, ಪುಟ ತಿರುವಿ ಗಟ್ಟಿಯಾಗಿ ಓದಿದೆ. ಸುಶೀಲೆ ಕಣ್ಣು ತೆರೆದು ಗಂಜಿ ಕೇಳಿದಳು. ಖಾಸೀಮ ಮಡಿಲಲ್ಲಿದ್ದ ಡ್ರಮ್ಮಿಗೆ ಬಾರಿಸಿದ ನೋಡಿ ಒಂದು ಏಟು! ಕ್ಲಾರಿನೆಟ್ಟು ಚೀಲದಿಂದ ಹೊರಬಂತು. ಇಕ್ಕಟ್ಟಿನ ಸೀಟಿನಲ್ಲಿ ಅರ್ಧ ಎದ್ದು ನಿಂತು ನಾನು ಭೋಂ ಹಾಕಿದೆ. ಹುಟ್ಟದೇ ಇದ್ದ ಒಬ್ಬ ಹುಡುಗಿ ಬದುಕಿದಳೆಂದು ಇಡೀ ಬ್ಯಾಂಡು ಬಸ್ಸಿನಲ್ಲಿ ಬಾರಿಸಿತು. ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು ತಾಳ ಹಾಕಿದ. ಅಷ್ಟು ಚೆನ್ನಾಗಿ ನಾವು ಯಾವ ಮದುವೆಯಲ್ಲೂ ಬಾರಿಸಲಿಲ್ಲ. ಕೊನೆಗೆ ಮಾಸ್ಟರ್ ಬೆವರೊರೆಸಿಕೊಂಡು ತೀರ್ಪು ಕೊಟ್ಟರು: "ಬಸ್ಸಿನ್ಯಾಗ ಓದು, ಬೀದ್ಯಾಗ ಊದು." ಮುಂದೆ ಬ್ಯಾಂಡು ಒಡೆಯುವ ತನಕ ಹಾಗೇ ನಡೆಯಿತು.

ಮಾಸ್ಟರ್ ಈಗಿಲ್ಲ. ನನಗೆ ಊದಲು ಹಲ್ಲಿಲ್ಲ. ಮನೆಯಲ್ಲಿ ಪುಸ್ತಕ ಬೇಕಾದಷ್ಟಿವೆ, ಪುಟ ತಿರುವಲು ಆರತಿ ಕಾಯಬೇಕಿಲ್ಲ. ಆದರೂ ಓದಿದ್ದು ಗಂಟಲಲ್ಲೇ ಉಳಿಯುತ್ತದೆ. ಹೆಂಡತಿ ಕೊಡ ತೊಳೆದು ಒಳಗೆ ಹೋದ ಮೇಲೆ, ಮಾನ್ವಿಯಲ್ಲಿ ಮಗಳ ಮನೆಯಲ್ಲಿರುವ ಖಾಸೀಮನಿಗೆ ಫೋನು ಹಚ್ಚಿದೆ. ಮಾತಾಡಿ ವರ್ಷಗಳೇ ಆಗಿದ್ದವು.

"ಹೊಸಾದೊಂದು ಕಾದಂಬರಿ ತಂದೀನಿ," ಎಂದೆ.

"ಓದೀಯೇನು?"

"ಇನ್ನಾ ಇಲ್ಲ."

"ಹಂಗ ಇಡು. ನಾ ಇಲ್ಲದ ಒಬ್ಬನ ಓದಿದ್ರ ನೋಡು ಮತ್ತ! ಬಸ್ ಹತ್ತಿ ಬಾ."